ಸುಂದ್ರಮ್ಮನ ರಾಣಿ ಗೊಂಬೆ

ಗಾವಡಗೆರೆಯ ಚನ್ನಬಸವಣ್ಣನನ್ನು ಹೊಗಳಲು ನನಗೆ ಈಗಲೂ ಬಾಯಿ ಬರುವುದಿಲ್ಲ. ಹುಣಸೂರು ಪೇಟೆಯಲ್ಲಿ ಹಳೇ ಗೊಂಬೆಗಳಿಗೆ ಬಣ್ಣ ಹಚ್ಚುವವನು ನಾನೊಬ್ಬನೇ ಇದ್ದೆ. ಎತ್ತಿನ ಗಾಡಿಗೆ, ಅಂಗಡಿ ಬೋರ್ಡಿಗೆ ತಂದ ಎನಾಮಲ್ ಬಣ್ಣವನ್ನೇ ಗೊಂಬೆಗೂ ಬಳಿದು, ಅರ್ಧ ದಿನದಲ್ಲಿ ಫಳಫಳ ಹೊಳೆಯುವಂತೆ ಮಾಡಿಕೊಡುತ್ತಿದ್ದೆ. ಐವತ್ತಮೂರನೇ ಇಸವಿಯಲ್ಲಿ ಈ ಮನುಷ್ಯ ಮರದ ಡಿಪೋ ಕೆಲಸ ಬಿಟ್ಟು, ಗೊಂಬೆ ರಿಪೇರಿ ಎಂದು ತನ್ನ ಜಗುಲಿಯಲ್ಲಿ ಕೂತ. ಜನವೆಲ್ಲ ಆ ಕಡೆ ನಡೆದರು.

ಅವನು ಮಾಡುತ್ತಿದ್ದುದಾದರೂ ಏನು? ಒದ್ದೆ ಅರಿವೆಯಿಂದ ಬೆರಳಗಲ ಜಾಗ ಒರೆಸುವುದು, ಆರಲು ಬಿಡುವುದು. ಹುಳು ತಿಂದ ತೂತಿಗೆ ಹುಣಸೆಬೀಜದ ಅಂಟಿನಲ್ಲಿ ಮರದ ಪುಡಿ ಕಲಸಿ ತುಂಬುವುದು. ಉದುರಿದ ಬಣ್ಣದ ಚಕ್ಕೆಯನ್ನೂ ಬಿಸಾಡದೆ ಇದ್ದ ಜಾಗಕ್ಕೇ ಅಂಟಿಸುವುದು. ಹೊಸ ಬಣ್ಣ ಮಾತ್ರ ಮುಟ್ಟುತ್ತಿರಲಿಲ್ಲ. ಒಂದು ಮರದ ಕುದುರೆಗೆ ಎರಡು ತಿಂಗಳು! ಸೋಮಾರಿ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಐವತ್ತಾರರ ದಸರೆಗೆ ಮುಂಚೆ, ಒಂದು ಬೆಳಿಗ್ಗೆ ಅವನೇ ನಮ್ಮ ಮನೆಗೆ ಬಂದ. ಕೈಯಲ್ಲಿದ್ದ ಗಂಟು ಬಿಚ್ಚಿದರೆ, ನನ್ನ ಹೆಂಡತಿ ಸುಂದ್ರಮ್ಮನ ರಾಣಿ ಗೊಂಬೆ! ಮದುವೆಯಲ್ಲಿ ಅವಳ ತಾಯಿ ಕೊಟ್ಟದ್ದು. ಆ ತಾಯಿ ಈಗಿಲ್ಲ. ಮದುವೆಯಾದ ವರ್ಷವೇ ನಾನು ಅದಕ್ಕೆ ಗುಲಾಬಿ ಬಣ್ಣ ಬಳಿದು, ದೊಡ್ಡ ಕಣ್ಣು ಬರೆದಿದ್ದೆ.

"ಕಂಠಪ್ಪನೋರೆ, ಮೇಲಿನ ಬಣ್ಣ ತೆಗ್ದುಕೊಡಿ ಅಂತ ನಿಮ್ಮನೆಯೋರು ತಂದುಕೊಟ್ಟವ್ರೆ. ಇದು ನಿಮ್ಮ ಕೈಕೆಲ್ಸ. ನಿಮ್ಮನ್ನ ಕೇಳ್ದೆ ನಾನು ಮುಟ್ಟಾಕಿಲ್ಲ ಕಣ್ರೀ."

ಬೇಡ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಒಳಬಾಗಿಲಲ್ಲಿ ಸುಂದ್ರಮ್ಮ ಸೆರಗು ಹಿಡಿದು ನಿಂತಿದ್ದಳು.

"ತೆಗೀರಿ" ಅಂದೆ.

ಹದಿನೆಂಟು ದಿನ ಬಿದಿರು ಕಡ್ಡಿಯಲ್ಲಿ ಕೆರೆದ. ನಾನು ಏನಾದರೊಂದು ನೆಪ ಮಾಡಿಕೊಂಡು ಹೋಗಿ, ಅವನ ಕೈ ತಪ್ಪಲಿ ಎಂದು ಕಾದು ಕೂರುತ್ತಿದ್ದೆ. ನಾಚಿಕೆಗೇಡು, ಆದರೂ ಕಾದೆ. ತಪ್ಪಲಿಲ್ಲ. ಕೊನೆಗೆ ಸಣ್ಣ ಕಣ್ಣಿನ, ಮಾಸಲು ಹಳದಿ ಮುಖವೊಂದು ಈಚೆ ಬಂತು.

ಸುಂದ್ರಮ್ಮ ಅದನ್ನು ಎದೆಗೊತ್ತಿಕೊಂಡು ಅತ್ತುಬಿಟ್ಟಳು.

"ಆ ಬಣ್ಣ ಬ್ಯಾಡ ಅಂತ ನನ್ ತಾವ ಯಾಕೆ ಒಂದು ಮಾತು ಅನ್ಲಿಲ್ಲ ನೀನು?" ಅಂದೆ.

"ನೀವು ಅಷ್ಟು ಆಸೆಪಟ್ಟು ಬರ್ದಿದ್ರಿ. ಎಂಗ್ ಅನ್ಲಿ?"

ಹನ್ನೊಂದು ವರ್ಷ ನನ್ನೆದುರು ಬಾಯಿ ಬಿಟ್ಟು ಆಡದಿದ್ದ ಮಾತನ್ನು ಅವನ ಜಗುಲಿಗೆ ಹೋಗಿ ಹೇಳಿದ್ದಳು. ಚನ್ನಬಸವಣ್ಣನ ಕೆಲಸವನ್ನು ಒಪ್ಪುತ್ತೇನೆ. ಇದನ್ನು ಮಾತ್ರ ನನಗೆ ಇನ್ನೂ ಸಹಿಸಲಾಗುತ್ತಿಲ್ಲ.