ಕತ್ತರಿ ಎನ್ನಲು ಎರಡು ವರ್ಷ

ಟೈಲರಮ್ಮನ ಮಗಳಿಗೆ ನಾಲ್ಕು ತುಂಬಿದ್ದರೂ ಅವಳ ಮಾತು ತಿಳಿಯುತ್ತಿದ್ದದ್ದು ಅಮ್ಮನೊಬ್ಬಳಿಗೇ. ಮನೆಯವರೆಲ್ಲ ಗುಬ್ಬಿ ಎಂದು ಕರೆಯುತ್ತಿದ್ದ ಹುಡುಗಿ ತನ್ನ ಹೆಸರು ದುಬ್ಬಿ ಎನ್ನುತ್ತಿದ್ದಳು. ಹೊಲಿಗೆ ಯಂತ್ರದ ಪಕ್ಕದ ಕತ್ತರಿ ಅವಳ ಬಾಯಲ್ಲಿ 'ತತ್ತಲಿ'. ಬಟ್ಟೆ ಕೊಡಲು ಬಂದವರು ಮುದ್ದಾಗಿದೆ ಎಂದು ನಗುತ್ತಿದ್ದರು.

"ಇವಳಪ್ಪನೂ ಹೀಗೇ ತೊದಲ್ತಿದ್ದ. ಬೆಳೀತಾ ಸರಿಹೋಗತ್ತೆ ಬಿಡು," ಎಂದು ಅತ್ತೆ ಧೈರ್ಯ ಹೇಳುತ್ತಿದ್ದರು.

ಒಂದು ಮಧ್ಯಾಹ್ನ ಶಿಶುವಿಹಾರದಿಂದ ಬಂದ ಗುಬ್ಬಿಯ ಕಣ್ಣು ಅತ್ತು ಅತ್ತು ಊದಿತ್ತು. ಕೂತಲ್ಲಿ ಮುಖಕ್ಕೆ ಬಿಸಿಲು ಹೊಡೆಯುತ್ತಿತ್ತಂತೆ. ಕಿಟಕಿ ಮುಚ್ಚಿ ಎಂದು ಎಷ್ಟು ಕೇಳಿಕೊಂಡರೂ 'ತಿಟತಿ' ಏನೆಂದು ಟೀಚರಿಗೆ ಹೊಳೆದಿರಲಿಲ್ಲ. ಮಕ್ಕಳು ಅಣಕಿಸಿದ್ದರು. ಆಮೇಲೆ ಅವಳು ಬಾಯೇ ಬಿಟ್ಟಿರಲಿಲ್ಲ.

ಮರುದಿನವೇ ಅಮ್ಮ ಮಗಳನ್ನು ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ಮಾತು ಕಲಿಸುವ ಮೇಡಂ ಮೊದಲು ಕಿವಿ ಪರೀಕ್ಷೆ ಮಾಡಿಸಿದರು. ಕಿವಿ ಚೆನ್ನಾಗಿತ್ತು.

"ನನ್ನ ತಪ್ಪೇನಾದ್ರೂ ಇದ್ಯಾ ಮೇಡಂ? ಸರಿಯಾಗಿ ಹೇಳು ಅಂತ ಆಗಾಗ ಗದರ್ತಿದ್ದೆ."

"ಯಾರ ತಪ್ಪೂ ಅಲ್ಲ. ಗದರೋದು ಮಾತ್ರ ಬಿಡಿ. ಅವಳು ತಪ್ಪು ಹೇಳಿದ್ದನ್ನ ನೀವು ಸರಿಯಾಗಿ ಹೇಳಿ, ಸಾಕು. ಕ, ಗ ಇಷ್ಟೊತ್ತಿಗೆ ಬರಬೇಕಿತ್ತು, ಕಲಿಸೋಣ. ರ ಬರಲಿಲ್ಲ ಅಂತ ಚಿಂತೆ ಬೇಡ, ಅದಕ್ಕಿನ್ನೂ ವಯಸ್ಸಿದೆ."

ನಾಲಿಗೆಯ ತುದಿ ಮೇಲೇಳದಂತೆ ಬೆರಳಲ್ಲಿ ಒತ್ತಿಕೊಂಡು ಗಂಟಲಿನಿಂದ 'ಕ' ಹೊರಡಿಸುವುದನ್ನು ಮೇಡಂ ತೋರಿಸಿಕೊಟ್ಟರು. ಮನೆಯಲ್ಲಿ ಗುಂಡಿ ಹೊಲಿಯುತ್ತ ಅಮ್ಮ, ಎದುರು ಕೂತು ಮಗಳು, ದಿನಕ್ಕೆ ಹತ್ತು ನಿಮಿಷ. ಮೂರನೇ ತಿಂಗಳು ಒಂದು ಸಂಜೆ ಹಿಂದಿನಿಂದ ಕೇಳಿಸಿತು:

"ಅಮ್ಮಾ, ಕತ್ತಲಿ ಕೊಡು."

"ಕತ್ತರಿ ಬೇಕಾ? ತಗೋ," ಎಂದಳು ಅಮ್ಮ, ಏನೂ ಆಗಿಲ್ಲವೆಂಬಂತೆ. ಆದರೆ ಹೊಲಿಗೆ ಸೊಟ್ಟಗಾಗಿ, ಯಾರದೋ ರವಿಕೆಯ ತೋಳನ್ನು ಬಿಚ್ಚಿ ಮತ್ತೆ ಹೊಲಿಯಬೇಕಾಯಿತು. ಹೊಸ ಅಕ್ಷರ ಸಿಕ್ಕ ಸಂಭ್ರಮದಲ್ಲಿ ಗುಬ್ಬಿ ಕೆಲವು ದಿನ ತಾತನನ್ನೂ 'ಕಾಕ' ಎಂದಳು. ತಾತ ಬೇಜಾರಿಲ್ಲದೆ ಓಗೊಟ್ಟರು.

ರ ಬಂದದ್ದು ಆರು ತುಂಬುವ ಹೊತ್ತಿಗೆ. ಯಾರೂ ಕಲಿಸಲಿಲ್ಲ. ಬಸ್ಸಿನಲ್ಲಿ ಕಂಡಕ್ಟರನನ್ನು ಅಣಕಿಸುತ್ತ ಅವಳು "ರೈಟ್, ರೈಟ್" ಎಂದಾಗ ಅಮ್ಮನಿಗೆ ಕಣ್ಣು ತುಂಬಿ ಬಂತು. ಇಳಿಯಬೇಕಿದ್ದ ಸ್ಟಾಪ್ ದಾಟಿಹೋಯಿತು.

ಮುಂದಿನ ವಾರ ಅಮ್ಮ ಆಸ್ಪತ್ರೆಗೆ ಹೋದದ್ದು ಬಟ್ಟೆಯ ಗಂಟಿನೊಂದಿಗೆ. ಮೇಡಂ ಕೋಣೆಯ ಐದು ಪುಟ್ಟ ಕುರ್ಚಿಗಳಿಗೆ ಹೂವಿನ ಬಟ್ಟೆಯ ಮೆತ್ತೆ ಹೊಲಿದು ತಂದಿದ್ದಳು.

"ಇದೆಲ್ಲ ಯಾಕಮ್ಮಾ? ಕಲಿತಿದ್ದು ಅವಳು."

"ಕಾಯೋದನ್ನ ನನಗೆ ಕಲಿಸಿದ್ದು ನೀವು ಮೇಡಂ. ಇಲ್ಲಾಂದ್ರೆ ಗದರಿ ಗದರಿ ಅವಳ ಬಾಯೇ ಮುಚ್ಚಿಸಿಬಿಡ್ತಿದ್ದೆ," ಎಂದಳು. ಆಮೇಲೆ ನೆಲದ ಮೇಲೆ ಮಂಡಿಯೂರಿ, ಒಂದೊಂದೇ ಮೆತ್ತೆಯ ದಾರವನ್ನು ಕುರ್ಚಿಯ ಕಾಲಿಗೆ ಬಿಗಿಯಾಗಿ ಕಟ್ಟತೊಡಗಿದಳು.