ಅವ್ವನ ಅಂಜಿಕೆ ಮತ್ತು ಕಾಕಾನ ಬ್ಯಾಡ್ಜ್

ಫ್ರೆಂಡ್ಸ್, ಮತ್ತೆ ನನ್ನ ಟೆನ್ಷನ್ ಪೋಸ್ಟ್, ಸಾರಿ. ಎಂ.ಟೆಕ್ ನ್ಯೂಕ್ಲಿಯರ್ ಇಂಜಿನಿಯರಿಂಗ್ ಫಸ್ಟ್ ಇಯರ್‌ಗೆ ಎರಡು ಕಾಲೇಜಿನಲ್ಲಿ ಸೀಟ್ ಸಿಕ್ಕಿದೆ. ನಾಳೆ ಸಂಜೆ ಐದರೊಳಗೆ ಒಂದನ್ನು ಒಪ್ಪಬೇಕು. ಅವ್ವಂದು ಮುಂಜಾನೆಯಿಂದ ಒಂದೇ ಹಟ: “ರೇಡಿಯೇಷನ್ ಬಾಜೂಕ ಕುಂತಾಕಿಗೆ ನಾಳೆ ಮಕ್ಕಳಾಗ್ತಾವೇನು? ಎರಡೂ ಬ್ಯಾಡ!”

ಅಷ್ಟರಲ್ಲಿ ವಾಡಿಯ ಸಿಮೆಂಟ್ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಕಾಕಾ ಬಂದರು. “ವೈನಿ, ನಮ್ಮಲ್ಲಿ ಬೆಲ್ಟ್ ಮ್ಯಾಲಿನ ಸುಣ್ಣದಕಲ್ಲು ಪರೀಕ್ಷಾ ಮಾಡೋದೇ ನ್ಯೂಟ್ರಾನ್ ಮಷೀನು. ಮೈಗೆ ಎಷ್ಟು ರೇಡಿಯೇಷನ್ ತಾಕ್ತು ಅಂತ ಅಳಿಯೋ ಬ್ಯಾಡ್ಜ್ ಎದಿಗೆ ಹಾಕ್ಕೊಂಡು ಹನ್ನೆರಡು ವರ್ಷದಿಂದ ಅಲ್ಲೇ ಡ್ಯೂಟಿ ಮಾಡಾಕತ್ತೀನಿ. ಮೂರು ಮಕ್ಕಳಾಗ್ಯಾವ, ಮೂರೂ ನಿಮ್ಮ ಮನ್ಯಾಗೇ ಗದ್ದಲ ಹಾಕ್ತಾವ!”

ಅವ್ವ ನಕ್ಕುಬಿಟ್ಟಳು. ನನ್ನ ಕಡೆ ತಿರುಗಿ, “ಆಯ್ತು ಹೋಗು. ಎರಡರಾಗ ಯಾವುದಕ್ಕ?”

ಈಗ ಅಂಜೋ ಪಾಳಿ ನಂದು. ಒಂದರಲ್ಲಿ ರಿಯಾಕ್ಟರ್ ಡಿಸೈನ್, ಇನ್ನೊಂದರಲ್ಲಿ ರೇಡಿಯೇಷನ್ ಸೇಫ್ಟಿ. ಈ ಕೋರ್ಸ್ ಓದಿದವರು ಯಾರಾದರೂ ಇದ್ದರೆ, ಯಾವುದು ಚಲೋ ಅಂತ ಇವತ್ತೇ ರಿಪ್ಲೈ ಮಾಡ್ರಿ, ಪ್ಲೀಸ್.