ತೊಟ್ಟಿಲಿನಿಂದ ತೆಗೆದ ಜೋಳದ ಗಂಟು

ನಮ್ಮ ಅಂಗಡಿಯ ಎದುರಿಗೆ ಖಾನಾವಳಿ ನಡೆಸುವ ಅಕ್ಕ ಮೊನ್ನೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಕೇಳಿದರು: "ಅಣ್ಣಾರ, ಮೊಬೈಲಿನ್ಯಾಗ ನಮ್ಮದೊಂದು ಪೇಜ್ ಮಾಡಿ ನಡಸಾಕ ಮಂದಿ ಇಟ್ರ, ತಿಂಗಳಿಗೆ ಎಷ್ಟ ಕೊಡಬೇಕಾಗತೈತ್ರಿ? ನೀವು ಮಾಡಿಸಿದವರು, ನಿಮಗ ಗೊತ್ತಿರತೈತಿ."

ಕಲಘಟಗಿಯ ನಮ್ಮ ಓಣಿಯಲ್ಲಿ ಈ ಪ್ರಶ್ನೆಗೆ ಉತ್ತರ ಹೇಳುವವನು ನಾನೊಬ್ಬನೇ ಎಂದು ಹೆಸರಾಗಿಬಿಟ್ಟಿದೆ. ಗೊತ್ತಿದ್ದಷ್ಟು ಹೇಳಿದೆ. ವಿಡಿಯೋ ಮಾಡುವುದಕ್ಕೆ ಬೇರೆ ದುಡ್ಡು, ಜಾಹೀರಾತಿಗೆ ಬೇರೆ ದುಡ್ಡು. ಮೂರು ತಿಂಗಳ ತನಕ ಫಲ ಕೇಳಬಾರದು. ಪಾಸ್‌ವರ್ಡ್ ನಮ್ಮ ಕೈಯಲ್ಲೇ ಇರಬೇಕು. ಅಕ್ಕ ತಲೆಯಾಡಿಸುತ್ತ ಕೇಳಿಸಿಕೊಂಡರು. ನಡುವೆ ಅವರ ಕಣ್ಣು ಅಂಗಡಿಯ ತೊಲೆಗೆ ತೂಗುಹಾಕಿದ ತೊಟ್ಟಿಲಿನ ಕಡೆ ಹೋಗಿ, ಕೂಡಲೇ ಬೇರೆ ಕಡೆ ತಿರುಗಿತು. ನಾನೂ ನೋಡದವನಂತೆ ಉಳಿಯನ್ನು ಮಸೆಯತೊಡಗಿದೆ.

ನಾವು ತೊಟ್ಟಿಲು ಮಾಡುವ ಮನೆತನದವರು. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಸುತ್ತಲಿನ ಹಲಗೆಗಳ ಮೇಲೆ ಬೆಣ್ಣೆ ಕದಿಯುವ ಕೃಷ್ಣ. ತೊಟ್ಟಿಲಿನ ಬೆಲೆ ಹೇಳಲು ನಾನು ಯಾರನ್ನೂ ಕೇಳಬೇಕಿಲ್ಲ. ಕಟ್ಟಿಗೆ ಎಷ್ಟು, ಕೆತ್ತನೆಗೆ ಎಷ್ಟು ದಿನ, ಬಣ್ಣಕ್ಕೆ ಎಷ್ಟು ದಿನ ಎಂದು ಬೆರಳು ಮಡಿಚಿದರೆ ಮುಗಿಯಿತು. ಆದರೆ ಕಬ್ಬಿಣದ್ದು, ಪ್ಲಾಸ್ಟಿಕ್ಕಿನದು ಬಂದ ಮೇಲೆ ನಮ್ಮ ಬೆಲೆ ಕೇಳಿ "ಬರ್ತೀವ್ರಿ" ಎಂದು ಎದ್ದು ಹೋಗುವವರೇ ಹೆಚ್ಚಾದರು. ಕುಂದಗೋಳದ ಅಳಿಯ ಹಬ್ಬಕ್ಕೆ ಬಂದಾಗ ಹೇಳಿದ: "ಮಾವಾರ, ನಿಮ್ಮ ಕೈಕೆಲಸ ಮೊಬೈಲಿನ್ಯಾಗ ಬರಬೇಕ್ರಿ. ಇಲ್ಲಾಂದ್ರ ನೀವು ಅದೀರಿ ಅನ್ನೂದ ಯಾರಿಗೆ ಗೊತ್ತಾಗಬೇಕು?" ಮಾತು ಮನಸ್ಸಿಗೆ ಹತ್ತಿತು.

ರೇಟು ಕೇಳಲು ಹುಬ್ಬಳ್ಳಿಗೆ ಹೋದೆ. ಗಾಜಿನ ಬಾಗಿಲಿನ ಆಫೀಸೊಂದರಲ್ಲಿ ತಿಂಗಳಿಗೆ ಇಪ್ಪತ್ತೈದು ಸಾವಿರ ಅಂದರು. ಅದೇ ರಸ್ತೆಯಲ್ಲಿ ಇನ್ನೊಬ್ಬರು ಹನ್ನೆರಡು ಅಂದರು. ನಮ್ಮೂರ ಮೊಬೈಲ್ ಅಂಗಡಿಯವನು "ಕಾಕಾ, ನೀವು ಎರಡ ಸಾವಿರಾ ಕೊಡ್ರಿ ಸಾಕು" ಅಂದ. ಮೂವರೂ ಮಾಡುವ ಕೆಲಸ ಒಂದೇ ಎಂದು ನನಗೆ ಕಾಣುತ್ತಿತ್ತು. ಕಟ್ಟಿಗೆಯನ್ನಾದರೆ ತಟ್ಟಿ ನೋಡಿ ಒಳಗೆ ಟೊಳ್ಳೋ ಗಟ್ಟಿಯೋ ಹೇಳುತ್ತೇನೆ. ಇದನ್ನು ಎಲ್ಲಿ ತಟ್ಟುವುದು? ಐವತ್ತು ದಾಟಿದ ಮೇಲೆ ಹೀಗೆ ಕಣ್ಣು ಕಟ್ಟಿದವನಂತೆ ಅಂಗಡಿ ಅಂಗಡಿ ಅಲೆಯುವುದಕ್ಕೆ ನನಗೆ ಸಿಟ್ಟು ಬಂದಿತ್ತು.

ಕೊನೆಗೆ ಹೆಂಡತಿಯ ತವರಿನವರು ಒಬ್ಬ ಹೆಣ್ಣುಮಗಳ ವಿಳಾಸ ಕೊಟ್ಟರು. ಎರಡು ಮಕ್ಕಳ ತಾಯಿ, ಹುಬ್ಬಳ್ಳಿಯ ಮನೆಯಲ್ಲೇ ಕೂತು ನಾಲ್ಕೈದು ಅಂಗಡಿಗಳ ಪೇಜು ನೋಡಿಕೊಳ್ಳುವವರು. ತಿಂಗಳಿಗೆ ಆರು ಸಾವಿರ, ಅದರಲ್ಲಿ ಎಂಟು ರೀಲು. "ಯಾಪಾರ ಆಗೇ ಆಗತೈತಿ ಅಂತ ನಾ ಹೇಳೂದಿಲ್ರಿ ಅಣ್ಣಾ," ಅಂದರು. "ಮಂದಿ ನೋಡ್ತಾರ. ಅಷ್ಟ ನನ್ನ ಕೈಯಾಗಿಂದು." ಆ ಮಾತಿಗೇ ನಾನು ಒಪ್ಪಿದೆ. ಇವತ್ತಿಗೂ ಅವರ ಮೇಲೆ ನನಗೆ ದೂರಿಲ್ಲ. ಇದ್ದಿದ್ದರೆ ಎಷ್ಟೋ ಸಲೀಸಾಗುತ್ತಿತ್ತು.

ಸ್ಕೂಟಿಯ ಮೇಲೆ ಅವರು ಬಂದ ದಿನ ಅಂಗಡಿಯಲ್ಲಿ ತಯಾರಾಗಿ ನಿಂತದ್ದು ಒಂದೇ ತೊಟ್ಟಿಲು. ಮಿಶ್ರಿಕೋಟಿಯ ಹಿರಿಯರೊಬ್ಬರು ಮಗಳ ಚೊಚ್ಚಲ ಬಾಣಂತನಕ್ಕೆಂದು ಮಾಡಿಸಿದ್ದು. ಕೃಷ್ಣನ ಪಕ್ಕಕ್ಕೆ ತಮ್ಮ ಮನೆಯ ಹಣೆಚುಕ್ಕೆಯ ಆಕಳನ್ನೂ ಬರೆಯಿರಿ ಎಂದು ಕೇಳಿ ಬರೆಸಿದ್ದರು. ಕೂಸು ಹುಟ್ಟುವ ಮುಂಚೆ ತೊಟ್ಟಿಲು ಮನೆಗೆ ಒಯ್ಯುವುದಿಲ್ಲವಾದ್ದರಿಂದ ಅದು ನಮ್ಮಲ್ಲೇ ತೂಗುಬಿದ್ದಿತ್ತು, ಒಳಗೆ ಜೋಳದ ಗಂಟು ಇಟ್ಟುಕೊಂಡು.

ಆ ಗಂಟು ನಮ್ಮ ಅಜ್ಜನ ಕಾಲದ ಪದ್ಧತಿ. ಖಾಲಿ ತೊಟ್ಟಿಲು ತೂಗಬಾರದು ಎನ್ನುವುದು ಈ ಕಡೆ ಹಾಲು ಕುಡಿಯುವ ಕೂಸಿಗೂ ಗೊತ್ತು. ತೂಗಿದರೆ ಮಲಗಬೇಕಾದ ಕೂಸಿಗೆ ಕೇಡು ಅನ್ನುತ್ತಾರೆ. ನಾವು ಸರಪಳಿಯ ಸಮತೋಲ ನೋಡಲು ತೂಗಲೇಬೇಕಲ್ಲ, ಅದಕ್ಕೆ ಬಿಳಿ ಅರಿವೆಯಲ್ಲಿ ಎರಡು ಸೇರು ಜೋಳ ಕಟ್ಟಿ ಮಲಗಿಸುತ್ತೇವೆ.

ಹುಬ್ಬಳ್ಳಿಯ ಆ ತಾಯಿ ಮೊಬೈಲ್ ಹಿಡಿದು ಅತ್ತ ಇತ್ತ ನೋಡಿ ಹೇಳಿದರು: "ಅಣ್ಣಾ, ಆ ಗಂಟ ತಗೀರಿ. ಹಳೇ ಅರಿವಿ, ಚಂದ ಕಾಣೂದಿಲ್ಲ. ಆಮ್ಯಾಲ ಹಗೂರಕ ಒಂದ ಸಲ ತೂಗಿ ಬಿಡ್ರಿ."

ನಾನು ಹೇಳಬಹುದಿತ್ತು. ಹೇಳಲು ಬಾಯಿ ತೆರೆದದ್ದೂ ಹೌದು. ಇಷ್ಟು ದೂರ ಬಂದ, ಓದಿದ ಹೆಣ್ಣುಮಗಳ ಮುಂದೆ ಇದನ್ನೆಲ್ಲ ಹೇಳಿದರೆ ನನ್ನನ್ನು ಹಳ್ಳಿ ಗಮಾರ ಅಂದುಕೊಂಡಾರು ಎಂದು ನಾಚಿಕೆಯಾಯಿತು. ಗಂಟನ್ನು ನಾನೇ ಎತ್ತಿ ಗೂಡಿನಲ್ಲಿಟ್ಟೆ. ನಾನೇ ತೂಗಿದೆ. ಕಿಟಕಿಯ ಬೆಳಕು ಅರಗಿನ ಮೇಲೆ ಬಿದ್ದು ತೊಟ್ಟಿಲು ಮಿಂಚುತ್ತ ಹೋಗಿ ಬಂತು. ನಿಜ ಹೇಳುತ್ತೇನೆ, ನನ್ನ ಕೈಕೆಲಸ ಅಷ್ಟು ಚಂದ ಇದೆ ಎಂದು ನನಗೂ ಗೊತ್ತಿರಲಿಲ್ಲ.

ವಿಡಿಯೋ ಎಲ್ಲೆಲ್ಲೋ ಹೋಯಿತು. ನೋಡಿದವರ ಲೆಕ್ಕ ಗಂಟೆಗೊಂದು ಸಲ ಏರುತ್ತಿತ್ತು, ನಾನು ಉಣ್ಣುವುದು ಬಿಟ್ಟು ಅದನ್ನೇ ನೋಡುತ್ತಿದ್ದೆ. ಪುಣೆಯಿಂದ, ಬೆಂಗಳೂರಿನಿಂದ ಫೋನು ಬಂದವು. ಸಾಗಣೆಯ ಖರ್ಚು ಕೇಳಿ ಎಲ್ಲರೂ ಫೋನು ಇಟ್ಟರು. ಒಬ್ಬರಂತೂ ಹೂವಿನ ಕುಂಡ ಇಡಲು ಬೇಕಾಗಿತ್ತು, ಸ್ವಲ್ಪ ಸಣ್ಣದು ಮಾಡುತ್ತೀರಾ ಎಂದು ಕೇಳಿದರು. ಆಮೇಲೆ ವಿಡಿಯೋದ ಕೆಳಗೆ ಮಂದಿ ಬರೆದ ಮಾತುಗಳ ನಡುವೆ ನಮ್ಮ ಕಡೆಯ ಮಾತೊಂದು ಬಂತು: "ಖಾಲಿ ತೊಟ್ಟಿಲಾ ತೂಗ್ಯಾರಲ್ರಿ, ಅಷ್ಟೂ ತಿಳೀದಿಲ್ಲೇನು?" ಅದರ ಕೆಳಗೆ ಇನ್ನೊಂದು. ಅದರ ಕೆಳಗೆ ಹತ್ತು.

ನಾಲ್ಕನೇ ದಿನ ಮಿಶ್ರಿಕೋಟಿಯ ಹಿರಿಯರು ಬಸ್ಸಿಳಿದು ಬಂದರು. ಕುಳಿತು ನೀರು ಕುಡಿದರು.

"ತಮ್ಮಾ, ನಮ್ಮ ಹುಡುಗಿ ಮೊಬೈಲಿನ್ಯಾಗ ನೋಡ್ಯಾಳ. ಆಕಳಾ ಗುರ್ತಾ ಹಿಡದಾಳ. ಎರಡ ದಿನ ಆತು, ಸರಿಯಾಗಿ ಉಂಡಿಲ್ಲ."

ನನಗೆ ತಪ್ಪು ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಧ್ವನಿ ಏರಿತು. "ಕಾಕಾ, ಇದ ಕಟ್ಟಿಗಿ ಐತ್ರಿ. ಕಟ್ಟಿಗಿಗೇನ್ ತಿಳೀತೈತಿ? ಮಗಳಿಗೆ ನೀವು ಧೈರ್ಯಾ ಹೇಳೂದ ಬಿಟ್ಟು ಇಲ್ಲಿತನಕಾ ಬಂದೀರಿ."

"ಕಟ್ಟಿಗಿಗೆ ತಿಳಿಯೂದಿಲ್ಲ, ಖರೇ. ಆಕೀಗೆ ತಿಳದೈತೆಲ್ಲಪಾ," ಅಂದರು. "ನಮಗ ಇದು ಬ್ಯಾಡ. ಕೊಟ್ಟ ದುಡ್ಡು ನಿನ್ನ ಹಂತೇಕ ಇರಲಿ, ನೀ ದುಡದೀದಿ." ಎದ್ದು ಚಪ್ಪಲಿ ಮೆಟ್ಟಿದರು. ಜಗಳವಾಡಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಅದಕ್ಕೂ ಆಸ್ಪದ ಕೊಡಲಿಲ್ಲ.

ಹುಬ್ಬಳ್ಳಿಗೆ ಫೋನು ಮಾಡಿದೆ. ಆ ತಾಯಿ ಮಾತು ಮುಗಿಯುವುದರೊಳಗೆ ವಿಡಿಯೋ ತೆಗೆದರು. "ಮೊದಲ ಹೇಳಬಾರದಿತ್ತೇನ್ರಿ ಅಣ್ಣಾ? ನಾನೂ ಎರಡ ಹಡದಾಕೀನ," ಅಂದರು. ಆದರೆ ಅಷ್ಟರಲ್ಲಿ ಅದನ್ನು ತಮ್ಮ ಮೊಬೈಲಿಗೆ ಇಳಿಸಿಕೊಂಡವರು ಎಷ್ಟು ಮಂದಿಯೋ. ಇವತ್ತಿಗೂ ಯಾವುದೋ ಗ್ರೂಪಿನಿಂದ ನನಗೇ ಬರುತ್ತದೆ, ಕೆಳಗೆ ಕೈ ಮುಗಿದ ಚಿತ್ರ ಹಾಕಿ, ನೋಡಿರಿ ನಮ್ಮ ಕಲಘಟಗಿಯ ತೊಟ್ಟಿಲು ಎಂದು ಬರೆದಿರುತ್ತಾರೆ. ಅದನ್ನು ಹಿಡಿದು ನಿಲ್ಲಿಸಲು ಎಷ್ಟು ಕೊಡಬೇಕು ಎಂದು ಗಾಜಿನ ಬಾಗಿಲಿನವರನ್ನೂ ಕೇಳಿದೆ. ಅದಕ್ಕೆ ಅವರ ಹತ್ತಿರ ರೇಟೇ ಇರಲಿಲ್ಲ. ಪಕ್ಕದ ತಂಬೂರು ಹಳ್ಳಿಯಿಂದ ಗಿರಾಕಿಯೊಬ್ಬರು ಬಂದು ಹೊಸ ತೊಟ್ಟಿಲಿನ ಮೇಲೆ ಕೈಯಿಟ್ಟು "ಇದು ಆ ತೊಟ್ಟಿಲಾ ಅಲ್ಲಲ್ರಿ?" ಎಂದು ಮೆಲ್ಲಗೆ ಕೇಳಿದಾಗ ನಾನು ತೊಲೆಯ ಕಡೆ ಬೆರಳು ತೋರಿಸಿದೆ.

ಮಳೆಗಾಲ ಮುಗಿಯುವಾಗ ಬಸುರಿಯಾಗಿದ್ದ ನನ್ನ ಮಗಳಿಗೇ ಏಳು ತಿಂಗಳು ತುಂಬಿ ಸೀಮಂತದ ಕುಬಸ ಮಾಡಿದೆವು. ತೊಟ್ಟಿಲು ತವರಿನದು, ಅದರಲ್ಲೂ ತೊಟ್ಟಿಲು ಮಾಡುವವನ ಮಗಳು. ಕುಬಸ ಮುಗಿದ ಮರುದಿನ ಅಂಗಡಿಗೆ ಬಂದು ತೊಲೆಗೆ ತೂಗುಬಿದ್ದ ಮಿಶ್ರಿಕೋಟಿಯವರ ತೊಟ್ಟಿಲನ್ನು ನೋಡಿದಳು.

"ಅಪ್ಪಾ, ಇದನ್ನ ಕೊಡು ನನಗ. ಇದರಷ್ಟ ಚಂದಂದ ನೀ ಎಂದೂ ಮಾಡಿಲ್ಲ. ನನಗೇನ್ ಅಂಜಿಕಿಲ್ಲ."

ಅಳಿಯನೂ ಹೌದೆಂದು ತಲೆಯಾಡಿಸಿದ. ನನ್ನ ಹೆಂಡತಿ ಮಾತ್ರ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಕೊಡುತ್ತೇನೆ ಅನ್ನಲು ನಾನು ಎಷ್ಟು ಪ್ರಯತ್ನಿಸಿದೆ ಎಂದು ಯಾರಿಗೂ ಗೊತ್ತಿಲ್ಲ. ಕಟ್ಟಿಗಿಗೇನ್ ತಿಳೀತೈತಿ ಎಂದು ಒಳಗೊಳಗೇ ಹೇಳಿಕೊಂಡೆ. ಬಾಯಿಂದ ಬಂದದ್ದು ಬೇರೆ.

"ಅದಕ್ಕ ಹುಳಾ ಹತ್ತೇತವ್ವಾ. ಬ್ಯಾರೇದ್ ಮಾಡ್ತೀನಿ."

ನನ್ನ ಕೈಯಾರೆ ಆರಿಸಿ ತಂದ ಸಾಗವಾನಿಗೆ ಹುಳ ಹತ್ತಿದೆ ಎಂದು ನಾನೇ ಹೇಳಿದೆ. ಮಗಳು ನಂಬಿದಳೋ ಇಲ್ಲವೋ, ಮತ್ತೆ ಕೇಳಲಿಲ್ಲ.

ಹೊಸ ತೊಟ್ಟಿಲಿಗೆ ಬಣ್ಣ ಹಚ್ಚುತ್ತಿದ್ದಾಗ ಮಿಶ್ರಿಕೋಟಿಯ ಹಿರಿಯರು ಪೇಡೆಯ ಡಬ್ಬಿ ಹಿಡಿದು ಬಂದರು. ಮಗಳು ಹಡೆದಿದ್ದಳು, ಹೆಣ್ಣು ಕೂಸು, ಇಬ್ಬರೂ ಆರಾಮ. ನನಗೆ ಎಷ್ಟು ಸಮಾಧಾನವಾಯಿತೆಂದರೆ ಒಂದರ ಮೇಲೊಂದು ಮೂರು ಪೇಡೆ ತಿಂದೆ.

"ಇದ ಯಾರದು?" ಎಂದು ಹೊಸದನ್ನು ತೋರಿಸಿ ಕೇಳಿದರು.

"ನಮ್ಮ ಮಗಳದ್ರಿ ಕಾಕಾ."

ಅವರು ಹೊಸ ತೊಟ್ಟಿಲಿನಲ್ಲಿ ಮಲಗಿಸಿದ್ದ ಜೋಳದ ಗಂಟನ್ನು ನೋಡಿದರು. ತಲೆಯೆತ್ತಿ ತೊಲೆಗೆ ತೂಗುಬಿದ್ದದ್ದನ್ನು ನೋಡಿದರು, ಅದರ ಮೇಲಿನ ತಮ್ಮ ಆಕಳನ್ನು ನೋಡಿದರು. ಕಟ್ಟಿಗಿಗೇನ್ ತಿಳೀತೈತಿ ಎಂಬ ನನ್ನ ಮಾತನ್ನೇ ಈಗ ನನಗೆ ತಿರುಗಿಸಿ ಅನ್ನುತ್ತಾರೆ ಎಂದು ನಾನು ಕುಂಚ ಹಿಡಿದು ತಲೆ ತಗ್ಗಿಸಿ ಕೂತೆ.

"ಹೆಸರಿಡೂ ದಿವಸ ನನಗೂ ಹೇಳಿ ಕಳಸಪಾ," ಎಂದು ನನ್ನ ಬೆನ್ನು ಸವರಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದರು.